ನ್ಯೂ ಮೆಕ್ಸಿಕೊದ ರೆಸ್ಟೋರೆಂಟಿನಲ್ಲಿ ‘ಕೆಂಪೋ, ಹಸಿರೋ?’ ಎಂದು ಕೇಳಿದರೆ ಏನು ಹೇಳಬೇಕು?

ಅಮೆರಿಕದ ನೈಋತ್ಯ ಭಾಗದ ನ್ಯೂ ಮೆಕ್ಸಿಕೊದಲ್ಲಿ ಎಂಚಿಲಾಡದಂತಹ ತಿನಿಸು ಹೇಳಿದ ಕೂಡಲೇ ಎದುರಾಗುವ ಈ ಪ್ರಶ್ನೆ ಅದರ ಮೇಲೆ ಸುರಿಯುವ ಮೆಣಸಿನಕಾಯಿ ಸಾಸ್‌ಗೆ ಸಂಬಂಧಿಸಿದ್ದು. ಇದು ಆ ರಾಜ್ಯದ ಅಧಿಕೃತ ಪ್ರಶ್ನೆಯೂ ಹೌದು. ಬಲಿತ ಹಸಿರು ಕಾಯಿಯನ್ನು ಬೆಂಕಿಯಲ್ಲಿ ಸುಟ್ಟು, ಕಪ್ಪಾದ ಸಿಪ್ಪೆ ಸುಲಿದು ಮಾಡುವುದು ಹಸಿರು ಸಾಸ್. ಅದೇ ಕಾಯಿ ಗಿಡದಲ್ಲಿ ಹಣ್ಣಾದ ಮೇಲೆ ಒಣಗಿಸಿ ಅರೆದು ಮಾಡುವುದು ಕೆಂಪು. ಎರಡೂ ಬೇಕಿದ್ದರೆ ‘ಕ್ರಿಸ್‌ಮಸ್’ ಎಂದರೆ ಸಾಕು, ಮೊದಲ ಸಲ ಹೋಗುವವರಿಗೆ ನಾನು ಸೂಚಿಸುವುದೂ ಅದನ್ನೇ. ಖಾರ ಹೆಚ್ಚಾಯಿತೆನಿಸಿದರೆ, ಪೂರಿಯಂತೆ ಉಬ್ಬಿ ಬರುವ ಸೋಪಪಿಯಾದ ಮೂಲೆ ಮುರಿದು ಒಳಗೆ ಜೇನುತುಪ್ಪ ಸುರಿದುಕೊಂಡು ತಿನ್ನಿ. ಸಸ್ಯಾಹಾರಿಗಳು ಮಾತ್ರ ಮೊದಲೇ ವಿಚಾರಿಸಿಕೊಳ್ಳಬೇಕು: ಸಾಸ್‌ಗೆ ಮಾಂಸವನ್ನೂ, ಬೇಯಿಸಿದ ಬೀನ್ಸ್‌ಗೆ ಹಂದಿಕೊಬ್ಬನ್ನೂ ಸೇರಿಸುವ ರೂಢಿ ಹಲವೆಡೆ ಇದೆ.