ಮತ್ತೆ ಮತ್ತೆ ಕಾರ್ಡ್ ಎಳೆಯುವುದು ಯಾಕೆ?

ಪ್ರಶ್ನೆ: ನನಗೆ 34 ವರ್ಷ. ಹಿಂದೊಮ್ಮೆ ಒಂದು ಸಂಬಂಧ ಮುರಿದು ತುಂಬಾ ಕುಗ್ಗಿಹೋಗಿದ್ದಾಗ ಗೆಳತಿಯೊಬ್ಬಳು ಟ್ಯಾರೋ ಕಾರ್ಡ್ (ಭವಿಷ್ಯ ಹೇಳಲು ಬಳಸುವ ಚಿತ್ರದ ಕಾರ್ಡ್) ಕೊಟ್ಟಳು. ದಿನಾ ಬೆಳಗ್ಗೆ ಒಂದು ಕಾರ್ಡ್ ತೆಗೆದು, ಚಿತ್ರ ನೋಡಿ ಅನ್ನಿಸಿದ್ದನ್ನು ಡೈರಿಯಲ್ಲಿ ಬರೆಯುತ್ತಿದ್ದೆ. ಭವಿಷ್ಯ ತಿಳಿಯುವ ಆಸೆ ಏನಿರಲಿಲ್ಲ. ಅದರಿಂದ ನಿಜಕ್ಕೂ ಚೇತರಿಸಿಕೊಂಡೆ. ಈಗ ಬೇರೆ ಊರಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆ. ಹೋಗಲಾ ಬೇಡವಾ ಅಂತ ಕಾರ್ಡ್ ಕೇಳಿದೆ. ಇರುವುದನ್ನು ಬಿಟ್ಟು ಹೊರಟವನ ಚಿತ್ರವಿರುವ ‘ಎಯ್ಟ್ ಆಫ್ ಕಪ್ಸ್’ ಬಂತು. ಮನಸ್ಸು ಹಗುರಾಯಿತು, ಆದರೂ ಖಾತ್ರಿಗೆ ಇರಲಿ ಅಂತ ಇನ್ನೊಂದು ಎಳೆದೆ. ‘ಟವರ್’ ಬಂತು. ಆಮೇಲೆ ಎಷ್ಟು ಸಲ ಎಳೆದೆನೋ ಲೆಕ್ಕ ಇಲ್ಲ. ಟವರ್ ಮತ್ತೆ ಬಂದಿದೆ. ಒರಾಕಲ್ ಕಾರ್ಡ್ (ಸಂದೇಶ ಹೇಳುವ ಇನ್ನೊಂದು ಬಗೆಯ ಕಾರ್ಡ್) ತಂದೆ, ಅದು ‘ನಂಬಿಕೆ ಇಡು’ ಅನ್ನುತ್ತಿದೆ. ನಾನು ಇರುವುದು ಅಕ್ಕನ ಜೊತೆ. ನಾನು ಹೊರಟರೆ ಅವಳಿಗೆ ಬೇಜಾರಾಗುತ್ತಾ ಅಂತಲೂ ಕಾರ್ಡ್ ಕೇಳಿದ್ದೇನೆ. ಅವಳಂತೂ ‘ಇದೆಲ್ಲ ಹುಚ್ಚು, ಎತ್ತಿ ಬಿಸಾಕು’ ಅನ್ನುತ್ತಾಳೆ. ಕಂಪನಿಗೆ ಉತ್ತರ ಕೊಡಲು ಇನ್ನು ಹತ್ತು ದಿನ ಇದೆ. ಕಾರ್ಡ್ ಬಿಟ್ಟುಬಿಡಲಾ?
– ಹೆಸರು ಬೇಡ

ಉತ್ತರ: ಬಿಸಾಕಬೇಡಿ. ಆದರೆ ಈ ಹತ್ತು ದಿನ ಕಾರ್ಡ್ ಕಲೆಸಿ, ಕಣ್ಣು ಮುಚ್ಚಿ ಎಳೆಯುವುದನ್ನು ನಿಲ್ಲಿಸಿ. ಹಾಗಾದರೆ ಕಾರ್ಡ್‌ಗಳನ್ನು ಇಟ್ಟುಕೊಂಡು ಏನು ಮಾಡೋದು ಅಂತ ಕೇಳ್ತೀರಿ. ಅದಕ್ಕೂ ಬರುತ್ತೇನೆ.

ಮೊದಲು ಟವರ್ ವಿಷಯ, ಯಾಕೆಂದರೆ ನೀವು ಹೆದರಿರುವುದೇ ಅದಕ್ಕೆ. ಸಿಡಿಲು ಬಡಿದ ಗೋಪುರ, ಕಿಟಕಿಗಳಲ್ಲಿ ಬೆಂಕಿ, ಮೇಲಿಂದ ತಲೆಕೆಳಗಾಗಿ ಬೀಳುತ್ತಿರುವ ಇಬ್ಬರು. ಯಾರಿಗಾದರೂ ಎದೆ ಧಸಕ್ ಅನ್ನುತ್ತೆ. ಅದು ಎರಡು ಸಲ ಬಂತು ಅಂದಕೂಡಲೇ ಏನೋ ಸೂಚನೆ ಅನ್ನಿಸುವುದೂ ಸಹಜ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಟ್ಯಾರೋ ಡೆಕ್‌ನಲ್ಲಿ, ಅಂದರೆ ಒಂದು ಕಟ್ಟಿನಲ್ಲಿ, ಇರುವುದು 78 ಕಾರ್ಡ್. ಪ್ರತಿ ಸಲ ಕಲೆಸಿ ಒಂದೊಂದರಂತೆ 11 ಸಲ ಎಳೆದರೆ, ಯಾವುದಾದರೂ ಒಂದು ಕಾರ್ಡ್ ಎರಡನೇ ಸಲ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ನೀವು ಅದಕ್ಕಿಂತ ಎಷ್ಟೋ ಹೆಚ್ಚು ಸಲ ಎಳೆದಿರಬೇಕು. ಬೇರೆ ಕಾರ್ಡ್‌ಗಳೂ ಎರಡೆರಡು ಸಲ ಬಂದಿರುತ್ತವೆ. ಅವು ಹೆದರಿಸಲಿಲ್ಲ, ಅದಕ್ಕೇ ನೆನಪಿಲ್ಲ.

ಒರಾಕಲ್ ಕಾರ್ಡ್ ‘ನಂಬಿಕೆ ಇಡು’ ಅಂದಿದ್ದಕ್ಕೂ ಜಾಸ್ತಿ ತೂಕ ಕೊಡಬೇಡಿ. ಟ್ಯಾರೋಗೆ ಇರುವ ಹಾಗೆ ಒರಾಕಲ್‌ಗೆ ಗೊತ್ತಾದ ಸಂಖ್ಯೆ, ಕ್ರಮ ಏನೂ ಇಲ್ಲ. ಮಾಡುವವರು ತಮಗೆ ತೋಚಿದ ಹಾಗೆ ಮಾಡುತ್ತಾರೆ. ಹೆಚ್ಚಿನವು ಸಮಾಧಾನ ಹೇಳುವ ಕಾರ್ಡ್‌ಗಳೇ. ಯಾವುದು ಎಳೆದರೂ ನಮಗೇ ಹೇಳಿದಂತೆ ಕೇಳಿಸುತ್ತೆ. ಇದನ್ನು ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ 1948ರಲ್ಲೇ ತೋರಿಸಿದ್ದ. 39 ವಿದ್ಯಾರ್ಥಿಗಳಿಗೆ ‘ಇದು ನಿನ್ನ ಸ್ವಭಾವ’ ಅಂತ ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿಯಾಗಿದೆ, 5ಕ್ಕೆ ಅಂಕ ಹಾಕಿ ಅಂದ. ಸರಾಸರಿ 4ಕ್ಕಿಂತ ಮೇಲೆ ಬಂತು. ಎಲ್ಲರಿಗೂ ಕೊಟ್ಟಿದ್ದು ಒಂದೇ ಹಾಳೆ!

ಹಾಗಂತ ನಿಮ್ಮ ಅಕ್ಕ ಹೇಳುವಂತೆ ಇದೆಲ್ಲ ಹುಚ್ಚು ಅಂತ ನಾನು ಹೇಳಲಾರೆ. ನೀವು ಚೇತರಿಸಿಕೊಂಡಿದ್ದು ಸುಳ್ಳಲ್ಲವಲ್ಲ. ಆಗ ನೀವು ಮಾಡುತ್ತಿದ್ದುದನ್ನು ನೆನಪು ಮಾಡಿಕೊಳ್ಳಿ. ಚಿತ್ರ ನೋಡುತ್ತಿದ್ದಿರಿ, ಬರೆಯುತ್ತಿದ್ದಿರಿ. ‘ಇವತ್ತು ನನ್ನೊಳಗೆ ಏನು ನಡೀತಿದೆ’ ಅನ್ನುವುದು ಆಗಿನ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಹತ್ತಿರವೇ ಇತ್ತು, ಕಾರ್ಡ್ ಅದನ್ನು ಹೊರಗೆ ಎಳೆಯಿತು. ಈಗ ಕೇಳುತ್ತಿರುವುದು ‘ಅಲ್ಲಿ ಹೋದರೆ ಒಳ್ಳೆಯದಾಗುತ್ತಾ’ ಅಂತ. ಅದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ರಟ್ಟಿನ ಚೂರಿಗಂತೂ ಗೊತ್ತಿರೋಕೆ ಸಾಧ್ಯವೇ ಇಲ್ಲ. ಅಂದಹಾಗೆ, ಟ್ಯಾರೋ 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಶುರುವಾಗಿದ್ದು ಇಸ್ಪೀಟಿನಂಥ ಒಂದು ಆಟವಾಗಿ. ಅದರಿಂದ ಭವಿಷ್ಯ ಹೇಳುವುದು ಜೋರಾಗಿದ್ದು 18ನೇ ಶತಮಾನದ ಕೊನೆಗೆ, ಫ್ರಾನ್ಸಿನಲ್ಲಿ. ಈಜಿಪ್ಟಿನ ಗುಪ್ತವಿದ್ಯೆ ಅನ್ನುವ ಕತೆ ಹಬ್ಬಿದ್ದೂ ಆಗಲೇ. ಅದಕ್ಕೆ ಆಧಾರ ಇಲ್ಲ.

ನಿಮ್ಮ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ್ದು ಬೇರೆ ಒಂದು ಸಾಲನ್ನು. ಅಕ್ಕ ಅದೇ ಮನೆಯಲ್ಲಿ ಇದ್ದಾಳೆ. ಅವಳಿಗೆ ಬೇಜಾರಾಗುತ್ತಾ ಅಂತ ನೀವು ಕೇಳಿದ್ದು ಮಾತ್ರ ಕಾರ್ಡನ್ನು! ಬಾಗಿಲು ತಟ್ಟಿ ಕೇಳಬಹುದಿತ್ತು, ಅಲ್ವಾ? ಕೇಳಲಿಲ್ಲ, ಯಾಕೆಂದರೆ ಕಾರ್ಡ್ ಏನು ಹೇಳಿದರೂ ಇನ್ನೊಂದು ಎಳೆಯಬಹುದು. ಅಕ್ಕ ‘ಹೌದು, ನೀನು ಹೋದರೆ ನನಗೆ ಕಷ್ಟ’ ಅಂದರೆ ಅದನ್ನು ವಾಪಸ್ ಡೆಕ್‌ಗೆ ಸೇರಿಸಿ ಕಲೆಸೋಕೆ ಆಗಲ್ಲ. ಮೊದಲ ಕಾರ್ಡಿಗೆ ಮನಸ್ಸು ಹಗುರಾಯಿತು ಅಂತ ನೀವೇ ಬರೆದಿದ್ದೀರಿ. ಆಗಲೂ ಕೈ ನಿಲ್ಲಲಿಲ್ಲ. ಹೊರಡುವ ಮಾತನ್ನು ಅಕ್ಕನ ಮುಂದೆ ಆಡಬೇಕಲ್ಲ ಅನ್ನುವ ಭಯಕ್ಕೆ ಇರಬಹುದು. ಇದು ನನ್ನ ಊಹೆ. ತಪ್ಪಿದ್ದರೆ ಬಿಟ್ಟುಬಿಡಿ.

ಈಗ ಕಾರ್ಡ್ ಇಟ್ಟುಕೊಂಡು ಏನು ಮಾಡುವುದು ಅಂದರೆ, ಎಲ್ಲ ಕಾರ್ಡ್‌ಗಳನ್ನೂ ಚಿತ್ರ ಕಾಣುವ ಹಾಗೆ ನೆಲದ ಮೇಲೆ ಹರಡಿ. ಕಣ್ಣು ಬಿಟ್ಟುಕೊಂಡು, ಬೇಕೆಂದೇ ಎರಡು ಆರಿಸಿ. ಹೋದರೆ ಹೇಗಿರುತ್ತೆ ಅನ್ನಿಸುತ್ತೋ ಅಂಥದ್ದು ಒಂದು, ಉಳಿದರೆ ಹೇಗಿರುತ್ತೆ ಅನ್ನಿಸುತ್ತೋ ಅಂಥದ್ದು ಇನ್ನೊಂದು. ಇದರಲ್ಲಿ ಅದೃಷ್ಟದ ಪಾಲು ಏನೂ ಇಲ್ಲ, ಆರಿಸುವವರು ನೀವೇ. ಅದಕ್ಕೇ ಇದು ಸ್ವಲ್ಪ ಕಷ್ಟ. ಜೊತೆಗೆ ಬರುವ ಅರ್ಥದ ಪುಸ್ತಕ ತೆಗೆಯಬೇಡಿ. ಕಂಡಿದ್ದನ್ನು ಬರೆಯಿರಿ.

ಮೊದಲು ಬಂದ ಆ ಎಯ್ಟ್ ಆಫ್ ಕಪ್ಸ್ ಕಾರ್ಡನ್ನೇ ತೆಗೆದುಕೊಳ್ಳಿ. ನಿಮ್ಮದು ಈಗ ಹೆಚ್ಚು ಬಳಕೆಯಲ್ಲಿರುವ, 1909ರಲ್ಲಿ ಲಂಡನ್‌ನಲ್ಲಿ ಅಚ್ಚಾದ ಡೆಕ್ಕಿನ ಮಾದರಿಯದ್ದಾದರೆ, ಚಿತ್ರ ಪಮೇಲಾ ಕೋಲ್‌ಮನ್ ಸ್ಮಿತ್ ಎಂಬ ಕಲಾವಿದೆಯದ್ದು. ಅದಕ್ಕೂ ಮೊದಲಿನ ಹೆಚ್ಚಿನ ಡೆಕ್‌ಗಳಲ್ಲಿ ಇಂಥ ಕಾರ್ಡಿನ ಮೇಲೆ ಬರೀ ಎಂಟು ಬಟ್ಟಲು ಇರುತ್ತಿತ್ತು. ಆಕೆ ಅಲ್ಲೊಂದು ಕತೆ ಇಟ್ಟರು. ರಾತ್ರಿ, ಮೇಲೆ ಚಂದ್ರ, ಕೋಲು ಹಿಡಿದು ಗುಡ್ಡದ ಕಡೆ ಹೊರಟಿರುವ ಒಬ್ಬ ವ್ಯಕ್ತಿ. ನಮಗೆ ಕಾಣುವುದು ಬೆನ್ನು ಮಾತ್ರ, ಹಾಗಾಗಿ ಅಳುತ್ತಿದ್ದಾನೋ ಖುಷಿಯಾಗಿದ್ದಾನೋ ಗೊತ್ತಾಗಲ್ಲ. ಹಿಂದೆ ಬಟ್ಟಲುಗಳು ನೆಟ್ಟಗೆ ಜೋಡಿಸಿಟ್ಟ ಹಾಗೇ ಇವೆ, ಒಂದೂ ಒಡೆದಿಲ್ಲ, ಚೆಲ್ಲಿಲ್ಲ. ಮೇಲಿನ ಸಾಲಿನಲ್ಲಿ ಮಾತ್ರ ಒಂದು ಬಟ್ಟಲಿನಷ್ಟು ಜಾಗ ಖಾಲಿ. ನಿಮಗೆ ಆ ಖಾಲಿ ಜಾಗ ಯಾವುದು? ಬಿಟ್ಟು ಹೋಗುವ ಬಟ್ಟಲುಗಳಲ್ಲಿ ಅಕ್ಕನದು ಯಾವುದು? ಇಂಥ ಪ್ರಶ್ನೆಗೆ ಅರ್ಧ ಪುಟ ಬರೆದರೆ, ನೂರು ಸಲ ಎಳೆದರೂ ಸಿಗದಿದ್ದು ಸಿಗಬಹುದು. ಬರೆಯುವಾಗ ಟವರ್ ಕಾರ್ಡೇ ಕಣ್ಣ ಮುಂದೆ ಬಂದರೆ ಅದನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಿ. ಏನು ಬಿದ್ದುಹೋಗುತ್ತೆ ಅಂತ ಹೆದರಿಕೆ ಅನ್ನುವುದನ್ನು ಹೆಸರು ಹಿಡಿದು ಬರೆಯಿರಿ.

ಕೆಲವು ವಿಷಯ ಕಾರ್ಡಿಗೂ ಬೇಡ, ಡೈರಿಗೂ ಬೇಡ. ಕೈಗೆ ಬರುವ ಸಂಬಳ, ಮನೆ ಬಾಡಿಗೆ, ಕೆಲಸದ ಹೊತ್ತು, ಹಿಡಿಸದಿದ್ದರೆ ಎಷ್ಟು ದಿನದ ನೋಟಿಸ್ ಕೊಟ್ಟು ಬಿಡಬಹುದು ಅನ್ನುವುದನ್ನೆಲ್ಲ ಕಂಪನಿಯವರನ್ನೇ ಕೇಳಿ. ಇನ್ನೊಂದು ಮಾತು. ಸ್ವಂತ ಕಾರ್ಡ್ ಸಾಲದು ಅಂತ ದುಡ್ಡು ಕೊಟ್ಟು ರೀಡಿಂಗ್ ಮಾಡಿಸುವ ಯೋಚನೆ ಬಂದರೆ ಸದ್ಯಕ್ಕೆ ಬೇಡ. ಟವರ್ ತೋರಿಸಿ ‘ಪರಿಹಾರ ಮಾಡಿಸಿ’ ಅನ್ನುವವರು ಸಿಕ್ಕರಂತೂ ಎದ್ದು ಬನ್ನಿ. ಹಾಗೇ, ಎಳೆಯಬಾರದು ಅಂತ ಗೊತ್ತಿದ್ದೂ ಕೈ ತಡೆಯದೆ, ನಿದ್ದೆ ಊಟ ಕೆಡುವ ಮಟ್ಟಕ್ಕೆ ಹೋದರೆ ಒಬ್ಬ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಅದಕ್ಕೆ ನಾಚಿಕೆ ಬೇಡ.

ಅಕ್ಕನ ಹತ್ತಿರ ಕಾರ್ಡ್ ಬಗ್ಗೆ ವಾದ ಮಾಡಬೇಡಿ. ಅವರು ನಂಬಲೇಬೇಕು ಅಂತ ಏನಿಲ್ಲ. ‘ನಾನು ಹೋಗುವ ಯೋಚನೆಯಲ್ಲಿದ್ದೇನೆ, ನಿನಗೆ ಏನನ್ನಿಸುತ್ತೆ’ ಅಂತ ನೇರವಾಗಿ ಕೇಳಿ. ‘ಹುಚ್ಚು, ಬಿಸಾಕು’ ಅನ್ನುವ ಸಿಟ್ಟು ಕಾರ್ಡಿನ ಮೇಲಿನದ್ದೋ, ನೀವು ಅವರಿಗೆ ಏನೂ ಹೇಳದೆ ಇರುವುದರ ಮೇಲಿನದ್ದೋ, ಆಗ ತಿಳಿಯುತ್ತೆ. ಈ ಮಾತು ಮೊದಲ ಎರಡು ಮೂರು ದಿನದಲ್ಲೇ ಆಗಿಬಿಡಲಿ. ಅದಾದ ಮೇಲೂ ಯೋಚಿಸಲು ಸಮಯ ಸಾಲದಿದ್ದರೆ ಕಂಪನಿಗೆ ಒಂದು ಮೇಲ್ ಹಾಕಿ ಇನ್ನೊಂದು ವಾರ ಕೇಳಿ. ಹೆಚ್ಚೆಂದರೆ ಆಗಲ್ಲ ಅನ್ನುತ್ತಾರೆ, ಅಷ್ಟೇ.