ಸಂಪಾದಕರ ಉತ್ತರ: ಸುಮ್ನೆ ಕ್ಷಮಿಸಬಹುದಿತ್ತಲ್ಲ?

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರದ ಎರಡು ಸಾಲು ಮಾತ್ರ ಇಲ್ಲಿ ಕೊಡುತ್ತೇನೆ. 'ದೇವರಿಗೆ ಮನುಷ್ಯರ ಮೇಲೆ ಅಷ್ಟು ಪ್ರೀತಿ ಇದ್ದರೆ ಸುಮ್ನೆ ಕ್ಷಮಿಸಬಹುದಿತ್ತಲ್ಲ? ಸ್ವಂತ ಮಗನನ್ನೇ ಕೊಲ್ಲಿಸಿ ಸಿಟ್ಟು ಇಳಿಸಿಕೊಳ್ಳುವ ತಂದೆಯನ್ನು ಹೇಗೆ ನಂಬಲಿ?' ಕ್ರೈಸ್ತ ಗೆಳೆಯರೊಬ್ಬರನ್ನು ಕೇಳಿದಿರಂತೆ. ಅವರು ಯೇಸು 'ನಮಗಾಗಿ ಸತ್ತ' ಎಂದಷ್ಟೇ ಹೇಳಿ ಸುಮ್ಮನಾದರಂತೆ.

ಇಂಥ ಪ್ರಶ್ನೆ ಕೇಳಿದ್ದಕ್ಕೆ ಸಂಕೋಚ ಬೇಡ. 12ನೇ ಶತಮಾನದಲ್ಲಿ ಅಬೆಲಾರ್ಡ್ ಎಂಬ ಕ್ರೈಸ್ತ ಪಂಡಿತನೇ ಹೆಚ್ಚುಕಡಿಮೆ ಇದನ್ನೇ ಕೇಳಿದ್ದ. ತಪ್ಪೇ ಮಾಡದವನ ರಕ್ತವನ್ನು ಬೆಲೆಯಾಗಿ ಕೇಳುವುದು ಕ್ರೌರ್ಯವಲ್ಲವೇ ಎಂದು.

ಮೊದಲು ಯೇಸುವನ್ನು ಕೊಂದ ಶಿಲುಬೆ ಏನು ಅಂತ ನೋಡೋಣ. ಇವತ್ತು ಅದು ಕತ್ತಿನ ಸರದಲ್ಲಿ ಹೊಳೆಯುತ್ತದೆ. ರೋಮನ್ನರ ಕಾಲದಲ್ಲಿ ಅದು ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಶಿಕ್ಷೆ. ಕ್ರಿ.ಪೂ. 71ರಲ್ಲಿ ಸ್ಪಾರ್ಟಕಸ್ ಎಂಬ ಗುಲಾಮನ ದಂಗೆ ಅಡಗಿಸಿದ ಮೇಲೆ ಕಾಪುವಾ ಎಂಬ ಊರಿನಿಂದ ರೋಮಿನವರೆಗೆ ರಸ್ತೆಯುದ್ದಕ್ಕೂ ಆರು ಸಾವಿರ ಜನರನ್ನು ಶಿಲುಬೆಗೇರಿಸಿದರು. ಕೊಲ್ಲುವುದಷ್ಟೇ ಉದ್ದೇಶವಾಗಿದ್ದರೆ ಕತ್ತಿ ಸಾಕಿತ್ತು. ದಾರಿಹೋಕರ ಕಣ್ಣೆದುರು ಮಾನ ಕಳೆದು, ನಿಧಾನವಾಗಿ ಸಾಯಿಸಬೇಕಿತ್ತು. ಹಾಗೆ ಸತ್ತವನೊಬ್ಬನನ್ನು ದೇವರೆಂದರೆ ಜನ ನಗದೆ ಇರುತ್ತಾರೆಯೇ? ನಕ್ಕರು. ರೋಮಿನಲ್ಲಿ 1857ರಲ್ಲಿ ಸಿಕ್ಕ ಹಳೆಯ ಗೋಡೆಗೀರು ಒಂದಿದೆ. ಶಿಲುಬೆಯ ಮೇಲೆ ಕತ್ತೆ ತಲೆಯ ಮನುಷ್ಯ, ಎದುರಿಗೆ ಕೈಯೆತ್ತಿ ನಿಂತ ಒಬ್ಬ. ಕೆಳಗೆ ಗ್ರೀಕ್ ಭಾಷೆಯಲ್ಲಿ, 'ಅಲೆಕ್ಸಮೆನೊಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ' ಎಂಬ ಗೇಲಿ. ಇದು ಲೋಕಕ್ಕೆ ಹುಚ್ಚುಮಾತಿನ ಹಾಗೆ ಕೇಳಿಸುತ್ತದೆ ಎಂದು ಆರಂಭದ ದಿನಗಳಲ್ಲಿ ಯೇಸುವಿನ ಸಂದೇಶ ಸಾರಿದ ಪೌಲನೂ ಒಪ್ಪಿಕೊಂಡೇ ಬರೆದ.

ಈಗ ನಿಮ್ಮ ಪ್ರಶ್ನೆ. ಶಿಲುಬೆಯ ಬಗ್ಗೆ ಬೈಬಲಿನಲ್ಲಿ ಒಂದೇ ವಿವರಣೆ ಇಲ್ಲ. ಒಂದು ಕಡೆ ಸೆರೆಯವರನ್ನು ಬಿಡಿಸಲು ಕೊಟ್ಟ ಈಡು, ಇನ್ನೊಂದು ಕಡೆ ಯೆಹೂದ್ಯರ ಪಸ್ಕ ಹಬ್ಬದಲ್ಲಿ ಬಲಿಕೊಡುತ್ತಿದ್ದ ಕುರಿಮರಿ, ಮತ್ತೊಂದು ಕಡೆ ಸಾವಿನ ವಿರುದ್ಧದ ಯುದ್ಧ. ಇವೆಲ್ಲ ಹೋಲಿಕೆಗಳು. ಒಂದನ್ನೇ ಹಿಡಿದು ಜಗ್ಗಿದರೆ ಹರಿಯುತ್ತವೆ. ಈಡು ಅಂದರೆ ಯಾರ ಕೈಗೆ ಕೊಟ್ಟದ್ದು, ಸೈತಾನನಿಗೋ ದೇವರಿಗೋ? 4ನೇ ಶತಮಾನದಲ್ಲೇ ನಾಜಿಯಾಂಜಸ್‌ನ ಗ್ರೆಗರಿ ಎಂಬ ಬಿಷಪ್ ಎರಡನ್ನೂ ಒಪ್ಪಲಿಲ್ಲ. ಬಹುಪಾಲು ಚರ್ಚುಗಳು ಇಂದಿಗೂ ಹೇಳುವ ನೈಸೀಯ ವಿಶ್ವಾಸ ಪ್ರಮಾಣದಲ್ಲಿ (ಕ್ರೈಸ್ತ ನಂಬಿಕೆಯ ಸಾರಾಂಶ) ರೋಮನ್ ಅಧಿಪತಿ ಪೊಂತ್ಯ ಪಿಲಾತನ ಕಾಲದಲ್ಲಿ 'ನಮಗಾಗಿ' ಶಿಲುಬೆಗೇರಿದ ಎಂದಿದೆ. ಆ 'ನಮಗಾಗಿ' ಹೇಗೆ ಎಂಬ ವಿವರಕ್ಕೆ ಅದು ಹೋಗುವುದೇ ಇಲ್ಲ. ನಿಮ್ಮ ಗೆಳೆಯರು ತಪ್ಪಿಸಿಕೊಂಡರು ಅಂತ ಅಂದುಕೊಳ್ಳಬೇಡಿ.

ನಿಮ್ಮನ್ನು ಕಾಡಿದ್ದು ತಂದೆ ಒಂದು ಕಡೆ, ಬಲಿಯಾದ ಮಗ ಇನ್ನೊಂದು ಕಡೆ ಎಂಬ ಚಿತ್ರ. ಚರ್ಚಿನ ಕೆಲವು ಉಪದೇಶಗಳೂ ಹಾಗೇ ಹೇಳಿಬಿಡುತ್ತವೆ, ನನಗೂ ಕೇಳಲು ಕಷ್ಟವಾಗುತ್ತದೆ. ಆದರೆ ಕ್ರೈಸ್ತರ ನಂಬಿಕೆಯಲ್ಲಿ ಇವರು ಬೇರೆ ಬೇರೆ ದೇವರಲ್ಲ. ಕ್ರಿಸ್ತನಲ್ಲಿದ್ದುಕೊಂಡು ಲೋಕವನ್ನು ತನ್ನ ಜೊತೆ ಸಮಾಧಾನಪಡಿಸಿಕೊಂಡವನು ದೇವರೇ ಎನ್ನುತ್ತಾನೆ ಪೌಲ. ಅಂದರೆ ಶಿಲುಬೆಯ ಮೇಲಿರುವವನು ದೇವರ ಕೈಗೆ ಸಿಕ್ಕಿಬಿದ್ದ ಮೂರನೆಯವನಲ್ಲ. ಏಟು ತಿಂದದ್ದು ದೇವರೇ.

'ಸುಮ್ನೆ ಕ್ಷಮಿಸುವುದು' ಅಂದಿರಲ್ಲ, ಹಾಗೆ ಆಗುತ್ತದೆಯೇ? ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ ಎನ್ನುತ್ತೇವೆ. ಆ ಮಾತನ್ನು ಒಮ್ಮೆ ನಿಧಾನವಾಗಿ ಕೇಳಿಸಿಕೊಳ್ಳಿ. ತಪ್ಪು ಗಾಳಿಯಲ್ಲಿ ಕರಗುವುದಿಲ್ಲ. ಕ್ಷಮಿಸಿದವರ ಹೊಟ್ಟೆಗೆ ಹೋಗುತ್ತದೆ, ಅಲ್ಲಿ ಉರಿಯುತ್ತದೆ. ನಿಮ್ಮ ಬಗ್ಗೆ ಯಾರೋ ಸುಳ್ಳು ಹಬ್ಬಿಸಿದರು, ತಿರುಗಿ ನೀವು ಹಬ್ಬಿಸಲಿಲ್ಲ. ರಾತ್ರಿ ನಿದ್ದೆ ಕೆಟ್ಟದ್ದು ಯಾರದ್ದು? ಸಣ್ಣ ತಪ್ಪಿಗೇ ಹೀಗೆ. ವಿಶ್ವಾಸಿಗಳು ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾದಲ್ಲಿ ನೋಡುವುದು ಇದನ್ನೇ ಅಂತ ನನಗೆ ಅನಿಸುತ್ತದೆ. ಜನರ ದ್ವೇಷ, ಗೇಲಿ, ಗೆಳೆಯರ ಹೇಡಿತನ ಎಲ್ಲವನ್ನೂ ದೇವರು ಹೊಟ್ಟೆಗೆ ಹಾಕಿಕೊಂಡ. 'ತಂದೆಯೇ, ಇವರನ್ನು ಕ್ಷಮಿಸು' ಎಂಬ ಮಾತು ಲೂಕನ ಸುವಾರ್ತೆಯಲ್ಲಿ ಬರುವುದೂ ಶಿಲುಬೆಯ ಮೇಲಿಂದಲೇ.

ಇಲ್ಲೊಂದು ಎಚ್ಚರ. ಏಟು ತಿನ್ನುತ್ತಿರುವವರಿಗೆ 'ನಿನ್ನ ಶಿಲುಬೆ ನೀನು ಹೊತ್ತುಕೋ' ಎಂದು ಬುದ್ಧಿ ಹೇಳುವವರಿದ್ದಾರೆ. ಹೊಟ್ಟೆಗೆ ಹಾಕಿಕೋ ಎಂದು ಹೊಡೆದವರ ಪರವಾಗಿ ಅಪ್ಪಣೆ ಮಾಡುವುದು ಶಿಲುಬೆಯ ಅರ್ಥವಲ್ಲ. 'ನನ್ನ ದೇವರೇ, ಯಾಕೆ ಕೈಬಿಟ್ಟೆ' ಎಂದು ಯೇಸುವೇ ಕೂಗಿದ. ಅದು ಬೈಬಲಿನ 22ನೇ ಕೀರ್ತನೆಯ ಮೊದಲ ಸಾಲು. ನೋವಿನಲ್ಲಿ ದೇವರನ್ನೇ ಯಾಕೆ ಎಂದು ಕೇಳಬಹುದು ಎನ್ನಲು ಕ್ರೈಸ್ತರಿಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಮೂರನೆಯ ದಿನದ ಪುನರುತ್ಥಾನದ, ಅಂದರೆ ಯೇಸು ಸಾವಿನಿಂದ ಎದ್ದುಬಂದ, ಮಾತು ನಾನು ಎತ್ತಲಿಲ್ಲ. ಅದಿಲ್ಲದಿದ್ದರೆ ಇದು ಇನ್ನೊಂದು ಕೊಲೆ ಅಷ್ಟೇ ಎಂದು ಯಾವ ವಿಶ್ವಾಸಿಯಾದರೂ ಹೇಳುತ್ತಾರೆ. ಅದಕ್ಕೆ ಬೇರೆಯೇ ಪತ್ರ ಬೇಕು, ಬರೆಯಿರಿ.

ಶಿಲುಬೆಯ ಮೇಲಿನ ಯೇಸುವಿನ ಒಂದು ಚಿತ್ರದ ಬಗ್ಗೆ ಹೇಳಿ ಮುಗಿಸುತ್ತೇನೆ. 1512ರಿಂದ 1516ರ ನಡುವೆ ಗ್ರೂನೆವಾಲ್ಡ್ ಎಂಬ ಕಲಾವಿದ ಇಸೆನ್‌ಹೈಮ್‌ನ ಮಠಕ್ಕೆ ಬರೆದುಕೊಟ್ಟದ್ದು. ಅಲ್ಲಿನ ಸನ್ಯಾಸಿಗಳು ಕೆಟ್ಟ ಧಾನ್ಯದಿಂದ ಬರುವ ಒಂದು ರೋಗಕ್ಕೆ ಶುಶ್ರೂಷೆ ಮಾಡುತ್ತಿದ್ದರು. ಮೈಯೆಲ್ಲ ಉರಿ, ಕೈಕಾಲು ಕೊಳೆಯುತ್ತಿತ್ತು. ಗ್ರೂನೆವಾಲ್ಡ್‌ನ ಯೇಸುವಿನ ಮೈತುಂಬ ಹುಣ್ಣು, ಬಣ್ಣಗೆಟ್ಟ ಚರ್ಮ, ಸೆಟೆದ ಬೆರಳು. ಅಲ್ಲಿನ ರೋಗಿಗಳು ನೋಡಿದ್ದು ಈ ಯೇಸುವನ್ನು.