ಅಂದ ಮಾತು ತಲೆ ಬಿಟ್ಟು ಹೋಗ್ತಾನೇ ಇಲ್ಲ

ಪ್ರಶ್ನೆ: ಅಕ್ಕಾ, ನಮ್ದು ಶಿರಸಿ ಹತ್ರ ಹಳ್ಳಿ. ಬೇಸಿಗೇಲಿ ಒಂದು ಉಪನಯನದ ಊಟದಲ್ಲಿ ಎಲ್ಲರೆದುರಿಗೆ ನಮ್ಮಕ್ಕಂಗೆ "ನಿನ್ ಮಗಂಗೆ ಇನ್ನೂ ಕೆಲ್ಸ ಆಗ್ಲಿಲ್ವನೆ" ಅಂದ್ಬಿಟ್ಟೆ. ಅವ್ಳು ಏನೂ ಅನ್ಲಿಲ್ಲ, ಮುಖ ಸಣ್ಣ ಮಾಡ್ಕೊಂಡ್ಳು. ಆವತ್ತಿಂದ ಅದೇ ತಲೇಲಿ, ನಾನ್ಯಾಕೆ ಹಿಂಗೆ ಅಂತ. ರಾತ್ರಿ ನಿದ್ದೆ ಇಲ್ಲ. ಮನೆಯವ್ರು ಬಿಟ್ಹಾಕು ಅಂತಾರೆ, ಆಗ್ತಿಲ್ಲ. ಗೆಳತಿಗೆ ದಿನಾ ಫೋನ್ ಮಾಡಿ ಹೇಳ್ಕೋತೀನಿ, ಫೋನ್ ಇಟ್ಮೇಲೆ ಇನ್ನೂ ಜಾಸ್ತಿ ಆಗುತ್ತೆ. ಏನ್ಮಾಡ್ಲಿ?

ಉತ್ತರ: ತಂಗೀ, ಮೊದ್ಲು ಒಂದು ಮಾತು, "ಬಿಟ್ಹಾಕು" ಅಂದ್ರೆ ಬಿಡೋಕಾಗಲ್ಲ, ಅದು ನಿನ್ನ ತಪ್ಪಲ್ಲ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞರು ಕೆಲವ್ರಿಗೆ ಬಿಳಿ ಕರಡಿ ಬಗ್ಗೆ ಯೋಚ್ನೆ ಮಾಡ್ಬೇಡಿ, ಬಂದ್ರೆ ಗಂಟೆ ಬಾರ್ಸಿ ಅಂದಿದ್ರು, ಗಂಟೆ ಮತ್ತೆ ಮತ್ತೆ ಹೊಡೀತಾನೇ ಇತ್ತು. ಒತ್ತಿ ಹಿಡಿದಷ್ಟೂ ಮೇಲೆ ಬರೋದೇ ಯೋಚ್ನೆಯ ಗುಣ.

ಆದ್ರೆ ನೀನು ಮಾಡ್ತಿರೋದು ಯೋಚ್ನೆ ಅಂತ್ಲೇ ನಂಗನ್ಸಲ್ಲ, ಯೋಚ್ನೆ ಆದ್ರೆ ಎಲ್ಲೋ ಒಂದ್ಕಡೆ ಹೋಗಿ ನಿಲ್ಲುತ್ತೆ, ಇದು ಗಾಣದೆತ್ತಿನ ಹಂಗೆ ಸುತ್ತಿದ್ದೇ ಸುತ್ತೋದು. ಇದನ್ನ ಸುಮ್ನೆ ಸ್ವಭಾವ ಅಂತ ಬಿಡೋ ಹಂಗೂ ಇಲ್ಲ. ಸುಸಾನ್ ನೋಲೆನ್-ಹೋಕ್ಸೆಮಾ ಅನ್ನೋ ಮನಃಶಾಸ್ತ್ರಜ್ಞೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮನಸ್ಥಿತಿ ಅಳೆದಿಟ್ಟಿದ್ರು, ಆಮೇಲೆ 1989ರ ಅಕ್ಟೋಬರಲ್ಲಿ ಅಲ್ಲೇ ದೊಡ್ಡ ಭೂಕಂಪ ಆಯ್ತು. ಮೊದ್ಲಿಂದಲೇ ಬೇಜಾರನ್ನ ಮೆಲುಕು ಹಾಕೋ ಅಭ್ಯಾಸ ಇದ್ದವ್ರಲ್ಲಿ ವಾರಗಳಾದ್ಮೇಲೂ ಖಿನ್ನತೆಯ ಲಕ್ಷಣ ಹೆಚ್ಚಿತ್ತು.

ಈಗ ನಿನ್ನ ಪ್ರಶ್ನೆ ನೋಡು. "ನಾನ್ಯಾಕೆ ಹಿಂಗೆ" ಅನ್ನೋದಕ್ಕೆ ಉತ್ರ ಇಲ್ಲ, ಅದು ಪೂರ್ತಿ ನಿನ್ನ ಮೇಲೇ ತೀರ್ಪು ಕೊಡೋ ಪ್ರಶ್ನೆ. ಇಂಗ್ಲೆಂಡಿನ ಮನಃಶಾಸ್ತ್ರಜ್ಞ ಎಡ್ವರ್ಡ್ ವಾಟ್ಕಿನ್ಸ್ ಹಿಂಗೆ ಮೆಲುಕು ಹಾಕೋರಿಗೆ ಕಲಿಸೋದು "ಯಾಕೆ" ಬಿಟ್ಟು "ಏನಾಯ್ತು, ಹೆಂಗಾಯ್ತು, ಮುಂದೇನು" ಅಂತ ಕೇಳ್ಕೊಳ್ಳೋದನ್ನ. ಒಂದು ಹಾಳೆ ತಗೊಂಡು ಬರಿ: ಪಂಕ್ತೀಲಿ ಅಕ್ಕನ ಪಕ್ಕ ಕೂತಿದ್ದೆ, ಪಾಯಸ ಬಡಿಸ್ತಿದ್ರು, ಯಾರೋ ಅವ್ರ ಮಗನ ಕಂಪನಿ ವಿಚಾರ ತೆಗೆದ್ರು, ನಂಗೆ ಬಾಯಿಗೆ ಬಂತು, ಅಕ್ಕ ಬಾಳೆ ನೋಡ್ತಾ ಕೂತ್ಳು. ಇಷ್ಟೇ ನೋಡು ನಡೆದಿದ್ದು, "ಎಲ್ಲರ ಮನಸ್ಸು ನೋಯಿಸೋಳು" ಅನ್ನೋದು ಆ ಹಾಳೇಲಿ ಎಲ್ಲೂ ಸಿಗಲ್ಲ. ಕೆಳಗೆ ಒಂದೇ ಸಾಲು, ಈ ವಾರ ನಾನು ಮಾಡ್ಬಹುದಾದ ಕೆಲ್ಸ ಏನು.

ಕೈಕೆಲ್ಸ ಹಿಡ್ಕೋ ಅಂತ ಎಲ್ರೂ ಹೇಳ್ತಾರೆ, ಸರಿನೇ, ಆದ್ರೆ ಎಲ್ಲಾ ಕೆಲ್ಸನೂ ಆಗಲ್ಲ. ಮೆಟ್ಟುಗತ್ತಿ ಮುಂದೆ ಒಬ್ಳೇ ಕೂತು ಅಡಿಕೆ ಸುಲಿದ್ರೆ ಕೈ ಅದರ ಪಾಡಿಗೆ ನಡೀತಿರುತ್ತೆ, ತಲೆ ಖಾಲಿ, ಅಲ್ಲೇ ಇದು ಶುರುವಾಗೋದು. ನಾಲ್ಕು ಜನ ಮಾತಾಡ್ತಾ ಸುಲಿಯೋ ಕಡೆ ಕೂತ್ಕೋ, ಇಲ್ಲಾಂದ್ರೆ ಗಮನ ಬೇಡೋ ಕೆಲ್ಸ ಹಿಡಿ, ಹೊಸ ರಂಗೋಲಿ, ಲೆಕ್ಕದ ಪುಸ್ತಕ, ಏನಾದ್ರೂ. ರಾತ್ರಿ ಸುತ್ತು ಶುರುವಾದ್ರೆ ಹೊರಳಾಡ್ಬೇಡ, ಎದ್ದು ಜಗಲೀಲಿ ಕೂತು, ನಿದ್ದೆ ಬಂದ್ಮೇಲೇ ಹೋಗಿ ಮಲ್ಗು. ಸಂಜೆ ಹದಿನೈದು ನಿಮಿಷ ಇದಕ್ಕೇ ಅಂತ ಇಟ್ಕೊಂಡು, ಬೇರೆ ಹೊತ್ತಲ್ಲಿ ಬಂದ್ರೆ "ಸಂಜೆ ಬಾ" ಅಂದು ಕಳ್ಸೋದೂ ಕೆಲವ್ರಿಗೆ ಚೆನ್ನಾಗಿ ಕೆಲ್ಸ ಮಾಡುತ್ತೆ.

ಗೆಳತಿ ಒಳ್ಳೇಳೇ. ಆದ್ರೆ ಇಬ್ರೂ ಸೇರಿ ಅದೇ ಕಥೆ ದಿನಾ ಅಗೆದ್ರೆ ಗಾಯ ಮಾಯಲ್ಲ. ಒಂದ್ಸಲ ಹೇಳ್ಕೋ, ಆಮೇಲೆ ಮುಂದೇನ್ಮಾಡ್ಲಿ ಅಂತ ಕೇಳು.

ಇಷ್ಟಾಗಿಯೂ ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಊಟ ಎರಡೂ ಕೆಟ್ಟಿದ್ರೆ, ಇಲ್ಲಾ ಬದುಕೇ ಬೇಡ ಅನ್ಸಿದ್ರೆ, ಒಂದಿನಾನೂ ಕಾಯ್ಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ಹಗಲು ರಾತ್ರಿ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. ಡಾಕ್ಟರಿಗೂ ತೋರ್ಸು.

ಇನ್ನು ಆ ಹಾಳೆಯ ಕೊನೇ ಸಾಲಿನ ಕೆಲ್ಸ, ಅಕ್ಕಂಗೆ ಒಂದು ಫೋನ್ ಮಾಡೋದು. ಮಾಡಿದಾಗ ಉದ್ದ ಎಳೀಬೇಡ. "ಆವತ್ತು ಎಲ್ಲರೆದುರಿಗೆ ಹಂಗಂದಿದ್ದು ತಪ್ಪಾಯ್ತು ಅಕ್ಕಾ, ನಿಂಗೆ ನೋವಾಗಿರ್ಬೇಕು" ಅಂದು ಸುಮ್ನಿರು, ಅವ್ಳು ಹೇಳಿದ್ದನ್ನ ಕೇಳಿಸ್ಕೋ.